ಅಫಿಂಗ್ಟನ್ ಬಿಳಿಕುದುರೆ: ಗುಡ್ಡ ಹತ್ತಿದವರಿಗೇ ಕುದುರೆ ಕಾಣದಿರುವುದೇಕೆ?

ರೀಡಿಂಗ್ ನಿವಾಸಿ:
ಇಳಿಜಾರಿನ ಮೇಲೆ ಬಿಳಿ ಸೀಮೆಸುಣ್ಣದ ಕಲ್ಲಿನಿಂದ ಮೂಡಿಸಿದ ದೈತ್ಯ ಕುದುರೆಯ ಆಕೃತಿ ಇರುವ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಬಿಳಿಕುದುರೆ ಗುಡ್ಡವನ್ನು ನೋಡಿ ಬಂದವರು ಇಲ್ಲಿ ಹಲವರಿದ್ದೀರಿ ಎಂಬ ಭರವಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಊರಿನಿಂದ ಬಂದಿರುವ ಅತ್ತೆ, ಮಾವನವರನ್ನು ಕಳೆದ ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಚಿತ್ರಗಳಲ್ಲಿ ಅಷ್ಟು ಸೊಗಸಾಗಿ ನೆಗೆಯುವ ಕುದುರೆಯು, ಹತ್ತಿರ ಹೋದಾಗ, ಹುಲ್ಲಿನ ನಡುವೆ ಬಾಗಿ ಇಳಿಜಾರಿನತ್ತ ಮರೆಯಾಗುವ ಎರಡು ಮೂರು ಬಿಳಿ ಪಟ್ಟಿಗಳಾಗಿ ಮಾತ್ರ ಕಂಡಿತು. "ಇದು ಕುದುರೆಯೋ, ಕಾಲುದಾರಿಯೋ?" ಎಂದು ಮಾವನವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ಪ್ರಶ್ನೆಗಳು ಎರಡು. ಮೊದಲನೆಯದು, ಕುದುರೆಯನ್ನು ಪೂರ್ತಿಯಾಗಿ ನೋಡಬೇಕಾದರೆ ಎಲ್ಲಿ ನಿಲ್ಲಬೇಕು? ಎರಡನೆಯದು, ಇದು ಮೂರು ಸಾವಿರ ವರ್ಷ ಹಳೆಯದು ಎನ್ನುತ್ತಾರೆ; ಆದರೆ ಪ್ರತಿ ಬೇಸಿಗೆಯಲ್ಲೂ ಹೊಸ ಸೀಮೆಸುಣ್ಣದ ಕಲ್ಲನ್ನು ಕುಟ್ಟಿ ತುಂಬುತ್ತಾರೆ ಎಂದೂ ಹೇಳುತ್ತಾರೆ. ಹಾಗಿದ್ದರೆ ಹಳೆಯದು ಎನ್ನುವುದು ಯಾವುದಕ್ಕೆ?

ಸ್ವಿಂಡನ್ ಹಳಬ:
ಮೊದಲನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಎರಡನೆಯದನ್ನು ಓದಿಕೊಂಡವರಿಗೆ ಬಿಡುತ್ತೇನೆ. ಕುದುರೆ ಸುಮಾರು 110 ಮೀಟರ್ ಉದ್ದವಿದ್ದು, ಗುಡ್ಡದ ನೆತ್ತಿಗೆ ಬಹಳ ಸಮೀಪದಲ್ಲಿದೆ. ಅಲ್ಲಿ ಇಳಿಜಾರು ಅಷ್ಟೇನೂ ಕಡಿದಾಗಿಲ್ಲದ ಕಾರಣ, ನೀವು ನಿಂತಿದ್ದ ಜಾಗದಿಂದ ಅದು ಪೂರ್ತಿಯಾಗಿ ಕಾಣುವ ಸಾಧ್ಯತೆಯೇ ಇರಲಿಲ್ಲ. ಗುಡ್ಡದ ಬುಡದಲ್ಲಿ ವಾಂಟೇಜ್ ಕಡೆಯಿಂದ ಆಶ್‌ಬರಿ ಕಡೆಗೆ ಹೋಗುವ ರಸ್ತೆಯಿಂದ ನೋಡಿದರೂ ತಲೆ ಮತ್ತು ಬೆನ್ನು ಕಂಡಂತಾಗಿ ಕಾಲುಗಳು ಮಾಯವಾಗುತ್ತವೆ. ಆದ್ದರಿಂದ ಗುಡ್ಡಕ್ಕೆ ಬೆನ್ನು ಹಾಕಿ ಉತ್ತರಕ್ಕೆ ಹೋಗಬೇಕು. ಫರ್ನಮ್, ಲಾಂಗ್‌ಕಾಟ್, ಗ್ರೇಟ್ ಕಾಕ್ಸ್‌ವೆಲ್ ಹಳ್ಳಿಗಳ ಸುತ್ತಮುತ್ತ ಹೊಲಗಳಾಚೆಯಿಂದ ನೋಡಿದರೆ ಇಡೀ ಆಕೃತಿ ಒಟ್ಟಾಗಿ ಕಾಣಿಸುತ್ತದೆ. ದುರ್ಬೀನು ಇದ್ದರೆ ಒಯ್ಯಿರಿ. ಬೆಳಗಿನ ಮಂಜು ಹರಿದ ಮೇಲೆ ಹೋಗುವುದು ಒಳ್ಳೆಯದು; ಆ ಕಣಿವೆಯಲ್ಲಿ ಮಂಜು ಬೇಗ ಕರಗುವುದಿಲ್ಲ.

ರೈಲುಪ್ರಿಯ:
ಪ್ಯಾಡಿಂಗ್ಟನ್‌ನಿಂದ ಸ್ವಿಂಡನ್‌ಗೆ ಹೋಗುವಾಗ ಎಡಗಡೆಯ ಕಿಟಕಿಯ ಬಳಿ ಕುಳಿತುಕೊಳ್ಳಿ. ಡಿಡ್‌ಕಾಟ್ ದಾಟಿದ ಮೇಲೆ ಗುಡ್ಡಸಾಲು ಎದುರಾಗುತ್ತದೆ, ಕುದುರೆಯೂ ಅಲ್ಲಿಯೇ ಇದೆ.

ಸ್ವಿಂಡನ್ ಹಳಬ:
ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಓಡುವ ರೈಲಿನಿಂದ ಅತ್ತೆಯವರಿಗೆ ಕುದುರೆ ತೋರಿಸಲು ಹೊರಟರೆ, "ಎಲ್ಲಿ?" ಎಂದು ಅವರು ಕೇಳುವಷ್ಟರಲ್ಲಿ ಅದು ಹಿಂದಾಗಿರುತ್ತದೆ. ಮೊದಲು ಅಫಿಂಗ್ಟನ್‌ನಲ್ಲಿಯೇ ಒಂದು ನಿಲ್ದಾಣವಿತ್ತು, 1960ರ ದಶಕದಲ್ಲಿ ಅದನ್ನು ಮುಚ್ಚಿಬಿಟ್ಟರು.

ಅಗೆತದ ವಿದ್ಯಾರ್ಥಿ:
ಎರಡನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕಾಗುತ್ತದೆ.

ಬಹುಕಾಲದವರೆಗೆ ಈ ಕುದುರೆಯ ವಯಸ್ಸು ಯಾರಿಗೂ ತಿಳಿದಿರಲಿಲ್ಲ, ಆದರೆ ಎಲ್ಲರಿಗೂ ಒಂದು ಅಭಿಪ್ರಾಯವಿತ್ತು. ಫ್ರಾನ್ಸಿಸ್ ವೈಸ್ ಎಂಬ ವಿದ್ವಾಂಸರು 1738ರಲ್ಲಿ, ಇದು 871ರ ಆಶ್‌ಡೌನ್ ಯುದ್ಧದಲ್ಲಿ ದಂಡೆತ್ತಿ ಬಂದ ಡೇನರ (ವೈಕಿಂಗರ) ವಿರುದ್ಧ ದೊರೆತ ಜಯದ ಸ್ಮಾರಕವೆಂದೂ ಸ್ಯಾಕ್ಸನ್ ದೊರೆ ಆಲ್ಫ್ರೆಡ್‌ನ ಕಾಲದ್ದೆಂದೂ ವಾದಿಸಿದರು. ಅದಾದ ಮೇಲೆ 1931ರಲ್ಲಿ ಸ್ಟುವರ್ಟ್ ಪಿಗಟ್ ಅವರು, ಕಬ್ಬಿಣ ಯುಗದ ಕೊನೆಯ ಭಾಗದ ನಾಣ್ಯಗಳ ಮೇಲಿರುವ ಕುದುರೆಗಳಿಗೂ ಇದಕ್ಕೂ ಇರುವ ಹೋಲಿಕೆಯನ್ನು ತೋರಿಸಿ ಅದನ್ನು ಸುಮಾರು ಎರಡು ಸಾವಿರ ವರ್ಷದ ಹಿಂದಕ್ಕೆ ಒಯ್ದರು. ಇವೆರಡೂ ಕಣ್ಣಂದಾಜಿನ ವಾದಗಳು. ಯಾರೂ ಮಣ್ಣನ್ನು ಕೇಳಿರಲಿಲ್ಲ.

1990ರಲ್ಲಿ ಆಕ್ಸ್‌ಫರ್ಡ್‌ನ ಪುರಾತತ್ತ್ವ ತಂಡವು ಕುದುರೆಯ ಮೈಯಲ್ಲಿ ಕೆಲವೆಡೆ ಅಗೆದು ನೋಡಿತು. ಆಗ ಸ್ಪಷ್ಟವಾದ ಮುಖ್ಯ ಸಂಗತಿಯೆಂದರೆ, ಇದು ಹುಲ್ಲನ್ನು ಕೆರೆದು ಬಿಟ್ಟ ಗೀಚು ಅಲ್ಲ. ಸುಮಾರು ಒಂದು ಮೀಟರ್‌ವರೆಗಿನ ಆಳಕ್ಕೆ ತೋಡಿದ ಕಾಲುವೆಗಳಲ್ಲಿ ಕುಟ್ಟಿದ ಸೀಮೆಸುಣ್ಣದ ಕಲ್ಲನ್ನು ತುಂಬಿ ಮಾಡಿದ ರಚನೆ ಇದು. ಹಾಗೆ ತುಂಬಿದ ಪದರಗಳ ನಡುವೆ ಮೇಲಿನಿಂದ ಹರಿದು ಬಂದ ಮಣ್ಣು ಸಿಕ್ಕಿಕೊಂಡಿತ್ತು. ಮಣ್ಣಿನಲ್ಲಿರುವ ಸ್ಫಟಿಕದ ಕಣಗಳ ಮೇಲೆ ಬಿಸಿಲು ಬಿದ್ದಾಗ ಅವುಗಳಲ್ಲಿ ಕೂಡಿಟ್ಟ ಶಕ್ತಿ ಬರಿದಾಗುತ್ತದೆ. ಕತ್ತಲೆಯಲ್ಲಿ ಹೂತುಹೋದ ಮೇಲೆ ಸುತ್ತಲಿನ ಸ್ವಾಭಾವಿಕ ವಿಕಿರಣದಿಂದ ಮತ್ತೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಆ ಕಣಗಳಿಗೆ ಬೆಳಕು ಹಾಯಿಸಿ, ಅವು ಹೊಮ್ಮಿಸುವ ಮಿನುಗನ್ನು ಅಳೆದರೆ, ಅವು ಕೊನೆಯ ಬಾರಿ ಬಿಸಿಲು ಕಂಡು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಬಹುದು. ಹಾಗೆ ದೊರೆತ ಕಾಲ ಕ್ರಿಸ್ತಪೂರ್ವ 1380ರಿಂದ 550ರ ನಡುವಿನದು. ಅಂದರೆ ವಯಸ್ಸು ಹೇಳಿದ್ದು ಕಲ್ಲಲ್ಲ, ಕಲ್ಲಿನ ನಡುವೆ ಸಿಕ್ಕಿಕೊಂಡ ಮಣ್ಣು. ಮೇಲೆ ಪ್ರತಿ ವರ್ಷ ಹೊಸ ಕಲ್ಲನ್ನು ಕುಟ್ಟಿದರೂ ಕೆಳಗಿನ ಪದರಕ್ಕೆ ಏನೂ ಆಗುವುದಿಲ್ಲ.

ಸಂಶಯವಾದಿ:
ವಿವರಣೆ ಸೊಗಸಾಗಿದೆ, ಆದರೆ 1380ರಿಂದ 550 ಎಂದರೆ ಎಂಟುನೂರು ವರ್ಷಗಳಿಗೂ ಹೆಚ್ಚಿನ ಅಂತರ. ಕಂಚಿನ ಯುಗದ ಕೊನೆಯೋ ಕಬ್ಬಿಣ ಯುಗದ ಆರಂಭವೋ ಎಂಬುದೇ ಅದರಿಂದ ತೀರ್ಮಾನವಾಗುವುದಿಲ್ಲ. ಹಾಗಿರುವಾಗ ಎಲ್ಲರೂ "ಮೂರು ಸಾವಿರ ವರ್ಷ" ಎಂದು ಖಚಿತವಾಗಿ ಹೇಳಿಕೊಂಡು ತಿರುಗುವುದು ನನಗೆ ಸರಿಯೆನಿಸುವುದಿಲ್ಲ.

ಅಗೆತದ ವಿದ್ಯಾರ್ಥಿ:
ಆ ಅಂತರ ದೊಡ್ಡದೆಂಬುದನ್ನು ಯಾರೂ ಮುಚ್ಚಿಟ್ಟಿಲ್ಲ. ಈಚೆಗೆ 2024ರಲ್ಲಿ ಕುದುರೆಯ ದುರಸ್ತಿ ನಡೆದಾಗ, ಹೆಚ್ಚು ನಿಖರವಾದ ಕಾಲವನ್ನು ಪಡೆಯುವ ಉದ್ದೇಶದಿಂದ ಹೊಸದಾಗಿ ಮಣ್ಣಿನ ಮಾದರಿಗಳನ್ನೂ ತೆಗೆದಿದ್ದಾರೆ. ಆದರೆ ಆಲ್ಫ್ರೆಡ್‌ನ ವಾದ ಬಿದ್ದುಹೋಗಲು ಈಗಿನ ಅಂತರವೇ ಸಾಕು. ಅವನು ಹುಟ್ಟುವ ಹೊತ್ತಿಗೆ ಕುದುರೆಗೆ ಕಡಿಮೆಯೆಂದರೂ ಹದಿನಾಲ್ಕು ನೂರು ವರ್ಷ ತುಂಬಿತ್ತು.

ಬ್ರಿಸ್ಟಲ್ ಎಂಜಿನಿಯರ್:
ನನ್ನ ಪ್ರಶ್ನೆ ಬೇರೆ. ಇಷ್ಟು ಹಳೆಯ ವಸ್ತುವನ್ನು ವರ್ಷ ವರ್ಷವೂ ಸುತ್ತಿಗೆ ಹಿಡಿದು ಕುಟ್ಟುತ್ತ ಕೂರುವ ಬದಲು ಒಮ್ಮೆ ಕಾಂಕ್ರೀಟ್ ಹಾಕಿ ಬಿಳಿ ಬಣ್ಣ ಬಳಿದರೆ ತೊಂದರೆಯೇನು? ವಿಲ್ಟ್‌ಶೈರ್‌ನ ವೆಸ್ಟ್‌ಬರಿ ಕುದುರೆಗೆ 1950ರ ದಶಕದಲ್ಲಿ ಹಾಗೆಯೇ ಮಾಡಿದ್ದಾರೆ. ಅದು ಹತ್ತಾರು ಮೈಲಿ ದೂರದಿಂದ ಕಾಣಿಸುತ್ತದೆ, ಅಂಚು ಕದಲುವುದಿಲ್ಲ, ಕಳೆ ಹುಟ್ಟುವುದಿಲ್ಲ.

ಸುತ್ತಿಗೆ ಹಿಡಿದವಳು:
ಎಂಜಿನಿಯರ್ ಅವರೇ, ನೀವು ವೆಸ್ಟ್‌ಬರಿ ಕುದುರೆಯನ್ನು ಯಾವಾಗ ನೋಡಿದಿರೋ ತಿಳಿಯದು. ಕಾಂಕ್ರೀಟ್ ಮಳೆಗೆ ಕಪ್ಪಿಡುತ್ತದೆ, ಪಾಚಿ ಹಿಡಿಯುತ್ತದೆ, ಕಾಲಕಾಲಕ್ಕೆ ತೊಳೆದು ಮತ್ತೆ ಬಣ್ಣ ಬಳಿಯಬೇಕಾಗುತ್ತದೆ. ಕೆಲಸ ತಪ್ಪುವುದಿಲ್ಲ, ಹಗ್ಗ ಕಟ್ಟಿಕೊಂಡು ಕಡಿದಾದ ಇಳಿಜಾರಿನಲ್ಲಿ ನೇತಾಡುವ ಕೆಲಸ ಹೆಚ್ಚಾಗಿ ಬರುತ್ತದೆ, ಅಷ್ಟೆ.

ನಾನು ಅಫಿಂಗ್ಟನ್‌ನಲ್ಲಿ ಸ್ವಯಂಸೇವಕಿಯಾಗಿ ಕುಟ್ಟಿದ್ದೇನೆ, ಆದ್ದರಿಂದ ಅದು ಹೇಗೆ ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ. ಗುಡ್ಡದ ಒಡೆತನ, ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು. ಬೇಸಿಗೆಯಲ್ಲಿ ದಿನ ಗೊತ್ತುಪಡಿಸಿ ಸಾರ್ವಜನಿಕರನ್ನು ಕರೆಯುತ್ತಾರೆ. ಮೊದಲು ಪಟ್ಟಿಯ ಮೇಲೆ ಹುಟ್ಟಿರುವ ಕಳೆಯನ್ನು ಬೇರುಸಹಿತ ಕೀಳಬೇಕು, ಅಂಚಿನಿಂದ ಒಳಕ್ಕೆ ಚಾಚಿರುವ ಹುಲ್ಲನ್ನು ಕತ್ತರಿಸಬೇಕು. ನಂತರ ಬಕೆಟ್ಟಿನಲ್ಲಿ ತಂದ ಬಿಳಿ ಕಲ್ಲಿನ ಹೆಂಟೆಗಳನ್ನು ಸುರಿದು, ಮೊಣಕಾಲೂರಿ ಕುಳಿತು, ಸುತ್ತಿಗೆಯಿಂದ ಜಜ್ಜಬೇಕು. ಒಣಗಿದ ಕಲ್ಲು ಪುಡಿಯಾಗಿ ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತದೆ; ಸ್ವಲ್ಪ ತೇವವಿದ್ದರೆ ರುಬ್ಬಿದ ಹಿಟ್ಟಿನ ಹದಕ್ಕೆ ಬಂದು ಕೆಳಗಿನ ಪದರಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನಮ್ಮ ಗುಂಪಿಗೆ ಬಂದದ್ದು ಹಿಂಗಾಲಿನ ಒಂದು ತುಂಡು ಎಂದು ಮೇಲ್ವಿಚಾರಕರು ಹೇಳಿದ್ದರಿಂದ ನಂಬಿದೆವು. ಎಲ್ಲಿ ನೋಡಿದರೂ ಬಿಳಿ ನೆಲ, ಅದರಾಚೆ ಹುಲ್ಲು. ಅದು ಕಾಲೋ ಬಾಲವೋ ಹೇಳಲು ನಮ್ಮಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಚರ್ಚೆ ಆರಂಭಿಸಿದವರ ಮಾವನವರಿಗೆ ಇದನ್ನು ತಿಳಿಸಿ: ಕುದುರೆಯನ್ನು ಉಳಿಸುತ್ತಿರುವವರಿಗೂ ಕೆಲಸ ಮಾಡುವಾಗ ಕುದುರೆ ಕಾಣುವುದಿಲ್ಲ.

ಬ್ರಿಸ್ಟಲ್ ಎಂಜಿನಿಯರ್:
ಭಾವನೆ ಅರ್ಥವಾಗುತ್ತದೆ. ಆದರೆ ಮೊಣಕಾಲೂರಿ ಕುಟ್ಟುವ ಕೈಗಳು ಒಂದಷ್ಟು ವರ್ಷ ಬಾರದಿದ್ದರೆ ಏನಾಗುತ್ತದೆ? ನಿರ್ವಹಣೆಯನ್ನೇ ನೆಚ್ಚಿಕೊಂಡ ರಚನೆಯನ್ನು ನಮ್ಮ ವೃತ್ತಿಯಲ್ಲಿ ದುರ್ಬಲ ವಿನ್ಯಾಸ ಎನ್ನುತ್ತೇವೆ.

ಹಳೆಯ ಕಡತ:
ಮೂರು ಸಾವಿರ ವರ್ಷ ಬಾಳಿದ ವಿನ್ಯಾಸವನ್ನು ದುರ್ಬಲ ಎನ್ನುವ ಧೈರ್ಯಕ್ಕೆ ನಮಸ್ಕಾರ. ವೆಸ್ಟ್‌ಬರಿಯ ಆಕೃತಿಯನ್ನು ಈಗಿನ ರೂಪಕ್ಕೆ ಕಡೆದದ್ದೇ 1778ರಲ್ಲಿ, ಅಂದರೆ ನಿಮ್ಮ ಗಟ್ಟಿಮುಟ್ಟಾದ ಕುದುರೆಗೆ ಇನ್ನೂ ಮುನ್ನೂರು ವರ್ಷವೂ ಆಗಿಲ್ಲ.

ನಿರ್ವಹಣೆ ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಮಾತ್ರ ಸರಿಯಾದದ್ದು. ಕೆಲವೇ ದಶಕ ಕೈಬಿಟ್ಟರೆ ಹುಲ್ಲು ಎರಡೂ ಕಡೆಯಿಂದ ಮುಚ್ಚಿಕೊಂಡು ಬಂದು ಕುದುರೆಯನ್ನು ಅಳಿಸಿಹಾಕುತ್ತದೆ. ಹದಿನಾಲ್ಕನೆಯ ಶತಮಾನದ ಕೊನೆಯ ಸುಮಾರಿಗೆ ಸೇರಿದ ವೇಲ್ಸ್‌ನ ಒಂದು ಹಸ್ತಪ್ರತಿಯು ಅಬಿಂಗ್ಡನ್ ಬಳಿಯ ಗುಡ್ಡವೊಂದರ ಮೇಲೆ ಬಿಳಿ ಕುದುರೆಯ ಆಕೃತಿ ಇದೆಯೆಂದೂ ಅದರ ಮೇಲೆ ಏನೂ ಬೆಳೆಯುವುದಿಲ್ಲವೆಂದೂ ಬೆರಗಿನಿಂದ ಹೇಳುತ್ತದೆ. ಬೆಳೆಯುವುದಿಲ್ಲ ಎಂಬುದು ಬರೆದವನ ನಂಬಿಕೆ. ಯಾರೋ ಕೂತು ಕೀಳುತ್ತಿದ್ದರು ಎಂಬುದೇ ನಿಜ. ಕೀಳುವವರ ಸಂಗತಿ ಹಸ್ತಪ್ರತಿಗೆ ಬೀಳಲಿಲ್ಲ.

ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಿಗೆ ಬರುವ ಹೊತ್ತಿಗೆ ಈ ಕೆಲಸವೇ ಒಂದು ಜಾತ್ರೆಯಾಗಿತ್ತು. ಕೆಲವು ವರ್ಷಗಳಿಗೊಮ್ಮೆ ಸುತ್ತಲಿನ ಹಳ್ಳಿಯವರು ಸೇರಿ ಕುದುರೆಯನ್ನು ಉಜ್ಜಿ ಬೆಳ್ಳಗಾಗಿಸಿ, ನೆತ್ತಿಯ ಮೇಲಿರುವ ಹಳೆಯ ಕೋಟೆಯೊಳಗೆ ಅಂಗಡಿ ಹೂಡಿ, ಕುಸ್ತಿ ಆಡಿ, ಕೋಲುಕಾಳಗ ನಡೆಸಿ, ಕುದುರೆಯ ಕೆಳಗಿರುವ ಕಡಿದಾದ ಕಣಿವೆಯೊಳಕ್ಕೆ ಚೀಸ್ ಗಾಲಿಯನ್ನು ಉರುಳಿಸಿ ಅದರ ಹಿಂದೆ ಓಡುತ್ತಿದ್ದರು. ಅಂಥ ದೊಡ್ಡ ಜಾತ್ರೆ ಕೊನೆಯದಾಗಿ ನಡೆದದ್ದು 1857ರಲ್ಲಿ. ಎಂಜಿನಿಯರ್ ಅವರು ಕಾಂಕ್ರೀಟ್ ಹಾಕಿದ್ದರೆ ಕುಸ್ತಿಗೆ ಕಾರಣವೇ ಇರುತ್ತಿರಲಿಲ್ಲ.

ಸಂಶಯವಾದಿ:
ಆ ಕಣಿವೆಗೆ ಕುದುರೆಯ ಮೇವುತೊಟ್ಟಿ ಎಂಬ ಅರ್ಥದ ಹೆಸರಿದೆ, ರಾತ್ರಿ ಕುದುರೆ ಇಳಿದು ಬಂದು ಅಲ್ಲಿ ಮೇಯುತ್ತದೆ ಎಂಬ ಕತೆಯೂ ಇದೆ. ಅದರ ಗೋಡೆಯ ಮೇಲಿರುವ ಮಡಿಕೆಗಳು ಮಾತ್ರ ಕತೆಯಲ್ಲ. ಹಿಮಯುಗದಲ್ಲಿ ಹೆಪ್ಪುಗಟ್ಟಿದ್ದ ನೆಲ ಕರಗಿ ಜಾರಿದ ಗುರುತುಗಳು.

ಶ್ವಾನಪಕ್ಷ:
ಇಷ್ಟು ಮಾತಾದರೂ ಮೂಲ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಅದು ಕುದುರೆಯೇ ಎಂದು ಯಾರು ಹೇಳಿದರು? ತೆಳ್ಳನೆಯ ಮೈ, ಉದ್ದ ಬಾಲ, ಚೂಪು ಮೂತಿ, ಹಾರುವ ಭಂಗಿ, ಇವನ್ನೆಲ್ಲ ನೋಡಿದರೆ ಬೇಟೆನಾಯಿಯಂತೆಯೇ ಇದೆ. ನಿವೃತ್ತ ಪಶುವೈದ್ಯರೊಬ್ಬರು ಇದೇ ಮಾತನ್ನು ತಮ್ಮ ವೃತ್ತಿಯ ಪತ್ರಿಕೆಗೆ ಬರೆದಿದ್ದರು.

ಹಳೆಯ ಕಡತ:
ಅಬಿಂಗ್ಡನ್ ಮಠದ ಹನ್ನೊಂದನೆಯ ಶತಮಾನದ ದಾಖಲೆಯಲ್ಲಿಯೇ ಇದನ್ನು ಬಿಳಿಕುದುರೆಯ ಗುಡ್ಡ ಎಂದು ಕರೆದಿದ್ದಾರೆ. ಪಶುವೈದ್ಯರಿಗಿಂತ ಸುಮಾರು ಒಂಬೈನೂರು ವರ್ಷ ಮೊದಲು ನೋಡಿದವರ ಮಾತಿದು.

ಶ್ವಾನಪಕ್ಷ:
ಮಠದವರು ನೋಡುವ ಹೊತ್ತಿಗೂ ಮಾಡಿದವರು ಸತ್ತು ಸಾವಿರದ ಐನೂರು ವರ್ಷವಾಗಿತ್ತು. ಅವರೂ ನಮ್ಮಂತೆಯೇ ಊಹಿಸಿದವರು.

ಅಗೆತದ ವಿದ್ಯಾರ್ಥಿ:
ಈ ತರ್ಕವನ್ನು ತಳ್ಳಿಹಾಕುವುದು ಕಷ್ಟವೆಂದು ಒಪ್ಪುತ್ತೇನೆ. ಆದರೂ ಕೊಕ್ಕಿನಂಥ ಮೂತಿ ನಿಮ್ಮ ವಾದಕ್ಕೆ ನೆರವಾಗುವುದಿಲ್ಲ, ಏಕೆಂದರೆ ಕಬ್ಬಿಣ ಯುಗದ ನಾಣ್ಯಗಳಲ್ಲಿ ನಿಸ್ಸಂದೇಹವಾಗಿ ಕುದುರೆಯೇ ಆದ ಪ್ರಾಣಿಗೂ ಅಂಥದೇ ಮೂತಿ ಇದೆ. ನಾಣ್ಯಗಳು ಇದಕ್ಕಿಂತ ಈಚಿನವಾದರೂ ಆ ಬಗೆಯ ಚಿತ್ರಣ ಈ ನಾಡಿನಲ್ಲಿ ಹೊಸದಲ್ಲ ಎಂಬುದಂತೂ ತಿಳಿಯುತ್ತದೆ.

ಕೇಂಬ್ರಿಜ್ ಓದುಗ:
ಯಾರಿಗಾಗಿ ಬಿಡಿಸಿದರು ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಆಕಾಶದಿಂದ ಮಾತ್ರ ಚೆನ್ನಾಗಿ ಕಾಣುವುದೆಂದರೆ ದೇವತೆಗಳಿಗಾಗಿಯೇ ಇರಬೇಕಲ್ಲವೇ?

ಸ್ವಿಂಡನ್ ಹಳಬ:
ಆಕಾಶದಿಂದ ಮಾತ್ರ ಎಂಬುದು ಡ್ರೋನ್ ಚಿತ್ರಗಳನ್ನು ನೋಡಿದವರ ಮಾತು. ಉತ್ತರದ ಹಳ್ಳಿಗಳಿಂದ ಕಾಣುತ್ತದೆ ಎಂದು ಮೇಲೆಯೇ ಬರೆದಿದ್ದೇನೆ. ಆ ಬಯಲಿಗೆ, ಅಲ್ಲಿನ ಜಿಲ್ಲಾಡಳಿತಕ್ಕೂ ಸಹ, ಬಿಳಿಕುದುರೆಯ ಹೆಸರೇ ಇರುವಾಗ ಬಯಲಿನವರಿಗೆ ಅದು ಕಾಣುವುದಿಲ್ಲ ಎನ್ನುವುದು ವಿಚಿತ್ರ.

ಅಗೆತದ ವಿದ್ಯಾರ್ಥಿ:
ಈ ಬಗ್ಗೆ ಜೋಶುವಾ ಪೊಲಾರ್ಡ್ ಎಂಬ ಪುರಾತತ್ತ್ವಜ್ಞರು 2017ರಲ್ಲಿ ಒಂದು ವಾದವನ್ನು ಮುಂದಿಟ್ಟರು. ಕುದುರೆ ಬಲಕ್ಕೆ, ಅಂದರೆ ಪಶ್ಚಿಮಕ್ಕೆ ಮುಖಮಾಡಿ ಓಡುತ್ತಿದೆ. ನಡುಚಳಿಗಾಲದಲ್ಲಿ ಎದುರಿನ ನೆಲದಲ್ಲಿ ನಿಂತು ನೋಡಿದರೆ, ಕುದುರೆಯ ಹಿಂದಿನಿಂದ ಮೇಲೆದ್ದ ಸೂರ್ಯನು ಗುಡ್ಡದ ಮೇಲೆ ತಗ್ಗಿನಲ್ಲಿಯೇ ಸಾಗುತ್ತ ಅದನ್ನು ಹಿಂಬಾಲಿಸಿ ದಾಟಿ ಹೋಗುವಂತೆ ತೋರುತ್ತದೆ. ಕಂಚಿನ ಯುಗದ ಯೂರೋಪಿನಲ್ಲಿ ಸೂರ್ಯನನ್ನು ಎಳೆಯುವ ಕುದುರೆಯ ಕಲ್ಪನೆ ಇತ್ತೆಂಬುದಕ್ಕೆ ಡೆನ್ಮಾರ್ಕಿನ ಟ್ರುಂಡ್‌ಹೋಮ್‌ನಲ್ಲಿ ಸಿಕ್ಕ ಕಂಚಿನ ರಥವೇ ಸಾಕ್ಷಿ. ಅಫಿಂಗ್ಟನ್ ಕುದುರೆಯೂ ಅಂಥ ಸೂರ್ಯನ ಕುದುರೆಯಾಗಿರಬಹುದು ಎಂಬುದು ಅವರ ವಾದ. ಸಿದ್ಧವಾದ ಸತ್ಯವೆಂದು ನಾನು ಹೇಳುತ್ತಿಲ್ಲ, ಆದರೆ ನೆಲದ ಮೇಲೆ ನಿಂತ ಮನುಷ್ಯನ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ನನಗೆ ದೇವತೆಗಳ ವಾದಕ್ಕಿಂತ ಇದು ಹಿಡಿಸುತ್ತದೆ.

ಸಂಶಯವಾದಿ:
ಸೂರ್ಯನು ದಕ್ಷಿಣದ ಪ್ರತಿಯೊಂದು ಗುಡ್ಡವನ್ನೂ ಹಾಗೆಯೇ ದಾಟುತ್ತಾನೆ.

ಅಗೆತದ ವಿದ್ಯಾರ್ಥಿ:
ಪ್ರತಿಯೊಂದು ಗುಡ್ಡದ ಮೇಲೂ ಪಶ್ಚಿಮಕ್ಕೆ ಓಡುವ ಕುದುರೆ ಇಲ್ಲ.

ಕೇಂಬ್ರಿಜ್ ಓದುಗ:
ಆಕಾಶದಿಂದ ನೋಡಿದವರ ವಿಷಯಕ್ಕೆ ಬಂದರೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕುದುರೆಯನ್ನು ಹುಲ್ಲುಹೆಂಟೆ ಮತ್ತು ಬೇಲಿಯಿಂದ ಸವರಿದ ಕೊಂಬೆಗಳಿಂದ ಮುಚ್ಚಿದ್ದರು. ಜರ್ಮನ್ ವಿಮಾನಗಳಿಗೆ ಇದು ದಾರಿಗುರುತಾಗಬಾರದು ಎಂಬುದು ಉದ್ದೇಶ. ಯುದ್ಧ ಮುಗಿದ ಮೇಲೆ ಹೊದಿಕೆಯನ್ನು ತೆಗೆದು ಮತ್ತೆ ಮೊದಲಿನಂತೆ ಮಾಡಿದರು.

ಬ್ರಿಸ್ಟಲ್ ಎಂಜಿನಿಯರ್:
ಹಾಗಾದರೆ ಹಲವು ವರ್ಷ ಮುಚ್ಚಿದ್ದರೂ ಮತ್ತೆ ಬಿಡಿಸಿಕೊಳ್ಳಬಹುದು ಎಂದಾಯಿತು. ನಾನು ವಿನ್ಯಾಸದ ಬಗ್ಗೆ ಆಡಿದ ಮಾತನ್ನು ಹಿಂತೆಗೆಯುವುದಿಲ್ಲ, ಆದರೆ ಒಂದು ಸಂದೇಹ ಉಳಿದಿದೆ. ಪ್ರತಿ ಬಾರಿ ಅಂಚು ಕತ್ತರಿಸುವವರ ಕೈ ಒಂದಿಷ್ಟು ಆಚೀಚೆಯಾದರೆ, ಈಗಿನ ಆಕೃತಿ ಮೂಲದ್ದೇ ಎಂಬ ಭರವಸೆ ಏನು?

ಸುತ್ತಿಗೆ ಹಿಡಿದವಳು:
ಆಕೃತಿ ಬದಲಾಗುತ್ತದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಮೇಲಿನಿಂದ ಜಾರುವ ಮಣ್ಣು ಮತ್ತು ಅಂಚಿನ ಹುಲ್ಲು ಸೇರಿ ತಲೆ ಮತ್ತು ಕುತ್ತಿಗೆಯ ಪಟ್ಟಿಗಳು ಬಹಳ ಕಿರಿದಾಗಿದ್ದವು. ಹಳೆಯ ವೈಮಾನಿಕ ಚಿತ್ರಗಳ ಜೊತೆ ಹೋಲಿಸಿದಾಗ ಇದು ಗೊತ್ತಾದ್ದರಿಂದಲೇ ಮೇಲೆ ಹೇಳಿದ ದುರಸ್ತಿಯನ್ನು ಕೈಗೊಂಡರು. ಪುರಾತತ್ತ್ವಜ್ಞರು ಎದುರಿಗೆ ನಿಂತು ತೋರಿಸಿದಷ್ಟೇ ಹುಲ್ಲನ್ನು ಕತ್ತರಿಸಿದರು. ಸ್ವಯಂಸೇವಕರ ಇಷ್ಟಕ್ಕೆ ಬಿಡುವ ಕೆಲಸ ಅದಲ್ಲ.

ಎರಡು ಮಕ್ಕಳ ತಾಯಿ:
ವಿದ್ವತ್ತಿನ ನಡುವೆ ಒಂದು ಗೃಹಕೃತ್ಯದ ಪ್ರಶ್ನೆ. ಮಕ್ಕಳಿಗೆ ಅಲ್ಲಿ ಕುದುರೆಯಲ್ಲದೆ ಬೇರೇನು ತೋರಿಸಬಹುದು? ತಳ್ಳುಗಾಡಿ ನಡೆಯುತ್ತದೆಯೇ?

ಸ್ವಿಂಡನ್ ಹಳಬ:
ಕುದುರೆಯ ಕೆಳಗಡೆ ಚಪ್ಪಟೆ ನೆತ್ತಿಯ ಒಂದು ಪುಟ್ಟ ದಿಬ್ಬವಿದೆ. ಡ್ರ್ಯಾಗನ್ ಹಿಲ್ ಎನ್ನುತ್ತಾರೆ. ಸಂತ ಜಾರ್ಜ್ ಡ್ರ್ಯಾಗನ್ನನ್ನು ಕೊಂದದ್ದು ಅಲ್ಲಿಯೇ, ಅದರ ರಕ್ತ ಬಿದ್ದ ಜಾಗದಲ್ಲಿ ಹುಲ್ಲು ಹುಟ್ಟುವುದಿಲ್ಲ ಎಂಬುದು ಸ್ಥಳೀಯರ ಕತೆ. ನೆತ್ತಿಯ ಮೇಲೆ ಬೋಳಾದ ಬಿಳಿ ನೆಲ ನಿಜಕ್ಕೂ ಇದೆ. ಮಕ್ಕಳಿಗೆ ಅಷ್ಟು ಸಾಕು. ಗುಡ್ಡದ ತುದಿ 261 ಮೀಟರ್ ಎತ್ತರದಲ್ಲಿದ್ದು, ಆಕ್ಸ್‌ಫರ್ಡ್‌ಶೈರ್‌ಗೆ ಅದೇ ಅತಿ ಎತ್ತರದ ಜಾಗ. 1974ಕ್ಕಿಂತ ಮೊದಲು ಇದೆಲ್ಲ ಬರ್ಕ್‌ಶೈರ್‌ನಲ್ಲಿತ್ತು, ಹಳಬರು ಇಂದಿಗೂ ಅದನ್ನು ನೆನಪಿಸದೆ ಬಿಡುವುದಿಲ್ಲ. ಕೋಟೆಯ ಮಣ್ಣಿನ ಏರಿಯ ಮೇಲೆ ಸುತ್ತು ಹಾಕಬಹುದು. ಅಲ್ಲಿಂದ ರಿಜ್‌ವೇ ಎಂಬ ಹಳೆಯ ದಾರಿ ಹಿಡಿದು ಪಶ್ಚಿಮಕ್ಕೆ ಸುಮಾರು ಎರಡು ಕಿಲೋಮೀಟರ್ ನಡೆದರೆ ವೇಲ್ಯಾಂಡ್ಸ್ ಸ್ಮಿದಿ ಸಿಗುತ್ತದೆ. ಅದು ಕುದುರೆಗಿಂತಲೂ ಬಹಳ ಹಳೆಯ, ಐದು ಸಾವಿರಕ್ಕೂ ಹೆಚ್ಚು ವರ್ಷದ ಕಲ್ಲುಗೋರಿ. ಲಾಳ ಕಳಚಿದ ಕುದುರೆಯನ್ನು ಒಂದು ನಾಣ್ಯದ ಜೊತೆ ಅಲ್ಲಿ ಬಿಟ್ಟು ಹೋದರೆ, ಕಣ್ಣಿಗೆ ಕಾಣದ ಕಮ್ಮಾರನು ಲಾಳ ಹೊಡೆದಿಡುತ್ತಾನಂತೆ. ನೂರು ವರ್ಷಕ್ಕೊಮ್ಮೆ ಬಿಳಿಕುದುರೆಯೂ ಅಲ್ಲಿಗೆ ಹೋಗುತ್ತದಂತೆ.

ತಳ್ಳುಗಾಡಿ ಬೇಡ. ಗೇಟುಗಳಿವೆ, ಕುರಿಹಿಕ್ಕೆ ಇದೆ, ಮಳೆಯಾದ ಮೇಲೆ ಆ ಬಿಳಿ ಮಣ್ಣು ಬೂಟಿಗೆ ಅಂಟಿ ಜಾರುತ್ತದೆ. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಚೀಲವೇ ಉತ್ತಮ.

ಎರಡು ಮಕ್ಕಳ ತಾಯಿ:
ಧನ್ಯವಾದಗಳು. ಕುದುರೆಯ ಕಣ್ಣಿನ ಮೇಲೆ ನಿಂತು, ಕಣ್ಣು ಮುಚ್ಚಿ ಮೂರು ಸುತ್ತು ತಿರುಗಿದರೆ ಬೇಡಿದ್ದು ಸಿಗುತ್ತದೆ ಎಂದು ದೊಡ್ಡ ಮಗಳು ಎಲ್ಲಿಯೋ ಓದಿದ್ದಾಳೆ.

ಸುತ್ತಿಗೆ ಹಿಡಿದವಳು:
ದಯವಿಟ್ಟು ಹಾಗೆ ಮಾಡಿಸಬೇಡಿ. ಹಳೆಯ ನಂಬಿಕೆ ಹೌದು, ಆದರೆ ಬಂದವರೆಲ್ಲ ಕಣ್ಣಿನ ಮೇಲೆ ತಿರುಗಿದರೆ ಸವೆದದ್ದನ್ನು ಮತ್ತೆ ಕುಟ್ಟಬೇಕಾದವರು ನಾವು. ಬಿಳಿ ಪಟ್ಟಿಯ ಮೇಲೆ ಕಾಲಿಡದೆ ಹುಲ್ಲಿನ ಮೇಲೆ ನಿಂತೇ ಬೇಡಿಕೊಳ್ಳಲಿ.

ರೀಡಿಂಗ್ ನಿವಾಸಿ:
ಎಲ್ಲರಿಗೂ ಧನ್ಯವಾದಗಳು. ಕುಟ್ಟುವ ಕೆಲಸಕ್ಕೆ ಹೆಸರು ಕೊಡಬೇಕಾದರೆ ಏನು ಮಾಡಬೇಕು? ಸುತ್ತಿಗೆಯನ್ನು ನಾವೇ ಒಯ್ಯಬೇಕೇ?

ಸುತ್ತಿಗೆ ಹಿಡಿದವಳು:
ಬೇಸಿಗೆ ಹತ್ತಿರವಾದಾಗ ನ್ಯಾಷನಲ್ ಟ್ರಸ್ಟಿನ ಜಾಲತಾಣವನ್ನು ಗಮನಿಸುತ್ತಿರಿ. ಜಾಗ ಬೇಗ ತುಂಬುತ್ತದೆ. ಸುತ್ತಿಗೆಯನ್ನು ಅವರೇ ಕೊಡುತ್ತಾರೆ. ಮೊಣಕಾಲಿಗೆ ಇಟ್ಟುಕೊಳ್ಳಲು ದಪ್ಪನೆಯ ದಿಂಬೊಂದನ್ನು ನೀವೇ ತನ್ನಿ, ಕಪ್ಪು ಬಟ್ಟೆ ತೊಟ್ಟು ಬರಬೇಡಿ.